ಗೆಳೆಯನ ಪದವಿ, ರಾಜನ ಸಿಂಹಾಸನ

ಪ್ರಶ್ನೆ: ಸರ್, ಇಂಗ್ಲಿಷ್ ನಾಟಕಕಾರ ಮಾರ್ಲೋ ಬರೆದ 'ಎರಡನೇ ಎಡ್ವರ್ಡ್' ನಾಟಕದಲ್ಲಿ ರಾಜ ಎಡ್ವರ್ಡ್ ತನ್ನ ಗೆಳೆಯ ಗ್ಯಾವೆಸ್ಟನ್‌ನ ಅಷ್ಟು ಹಚ್ಕೊಂಡಿದ್ದಕ್ಕೇ ಸರದಾರರು ತಿರುಗಿಬಿದ್ರಾ? ಬರೀ ಹೊಟ್ಟೆಕಿಚ್ಚಾ?

ಉತ್ತರ: ಹೊಟ್ಟೆಕಿಚ್ಚು ಇದ್ದೇ ಇದೆ ಕಣ್ರೀ, ಆದ್ರೆ ಅದೊಂದೇ ಅಲ್ಲ. ರಾಜನ ಮೋಹದ ಬಗ್ಗೆ ನಂಗೆ ಬೇಜಾರಿಲ್ಲ ಅಂತ ಸರದಾರರಲ್ಲಿ ಮುಖ್ಯನಾದ ಮಾರ್ಟಿಮರನೇ ಬಾಯಿಬಿಟ್ಟು ಹೇಳ್ತಾನೆ, ಅವನಿಗೆ ಉರಿಯೋದು ಏನಂದ್ರೆ ಹುಟ್ಟಿನಲ್ಲಿ ತನಗಿಂತ ಕೆಳಗಿನವನೊಬ್ಬ ಖಜಾನೆ ದುಡ್ಡಲ್ಲಿ ಮೆರೀತಾ ಇದಾನೆ, ಅತ್ತ ಸೈನಿಕರಿಗೆ ಸಂಬಳಾನೇ ಇಲ್ಲ ಅನ್ನೋದು. ರಾಜ ಗೆಳೆಯನಿಗೆ ಒಂದೇ ಉಸಿರಲ್ಲಿ ಕಾರ್ನ್‌ವಾಲ್‌ನ ಅರ್ಲ್ (ದೊಡ್ಡ ಸರದಾರ) ಪದವಿ, ಚೇಂಬರ್ಲೇನ್ (ಅರಮನೆಯ ಹಿರಿಯ ಅಧಿಕಾರಿ) ಹುದ್ದೆ ಎಲ್ಲಾ ಕೊಟ್ಟುಬಿಡ್ತಾನೆ, ಬಿಷಪ್‌ನ ಆಸ್ತಿ ಕಿತ್ತು ಅದನ್ನೂ ಅವನಿಗೇ ಕೊಡ್ತಾನೆ, ಆದ್ರೆ ಸ್ಕಾಟರ ಕೈಗೆ ಸಿಕ್ಕಿಬಿದ್ದ ಮಾರ್ಟಿಮರನ ಚಿಕ್ಕಪ್ಪನ ಬಿಡಿಸೋಕೆ 5000 ಪೌಂಡ್ ಕೇಳಿದ್ರೆ ಕೊಡಲ್ಲ! ಅಲ್ಲೇ ಜಗಳ ರಾಜಕೀಯ ಆಗೋದು.

ನನಗೆ ತುಂಬಾ ಇಷ್ಟ ಆಗೋದು ನಾಟಕದ ದ್ವಿತೀಯಾರ್ಧ. ಗ್ಯಾವೆಸ್ಟನ್‌ನ ಕೊಂದ್ರೂ ಏನೂ ಬದಲಾಗಲ್ಲ, ಅವನ ಜಾಗಕ್ಕೆ ಸ್ಪೆನ್ಸರ್ ಅನ್ನೋ ಇನ್ನೊಬ್ಬ ಆಪ್ತ ಬರ್ತಾನೆ. ಆಮೇಲೆ ರಾಜನ್ನ ಇಳಿಸಿದ ಮಾರ್ಟಿಮರನೇ ರಾಣಿ ಇಸಬೆಲ್ಲಾಳ ಒಲವಿನ ಬಲದಿಂದ ದೇಶ ಆಳ್ತಾನೆ, ತಾನು ಬೈದಿದ್ದನ್ನೇ ತಾನೂ ಮಾಡ್ತಾನೆ. ಸೆರೆಮನೆ ಕೊಳಚೇಲಿ ನಿಂತ ಎಡ್ವರ್ಡ್‌ನ ನೋಡಿದಾಗಂತೂ, ಅಷ್ಟೊತ್ತೂ ಬೈಕೊಂಡು ಓದಿದ್ದ ನಮಗೇ ಕರುಳು ಹಿಂಡುತ್ತೆ. ಕೊನೇಲಿ ಮಾರ್ಟಿಮರನ ತಲೆ ತೆಗೆಸೋದು ಎಡ್ವರ್ಡ್‌ನ ಮಗ, ಅದೂ ಇನ್ನೂ ಹುಡುಗ.