ಬರೆದದ್ದನ್ನು ತಿದ್ದುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬರೆಯುವುದು ಹೇಗೆಂದು ಕೇಳುವವರಿಗಿಂತ ಬರೆದದ್ದನ್ನು ತಿದ್ದುವುದು ಹೇಗೆಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಲೇಖನವನ್ನು ಕಳುಹಿಸುವ ಮುನ್ನ ನಾಲ್ಕೈದು ಸಲ ಓದುತ್ತೇನೆ. ಆಗ ಒಂದು ತಪ್ಪೂ ಕಾಣುವುದಿಲ್ಲ. ಅಚ್ಚಾಗಿ ಬಂದ ದಿನ ಮೊದಲ ಪುಟದಲ್ಲೇ ಎರಡು ತಪ್ಪುಗಳು ಎದ್ದು ಕಾಣುತ್ತವೆ. ಹೀಗೇಕೆ?

ಉತ್ತರ: ಬರೆದವರು ತಮ್ಮ ಬರಹವನ್ನು ಓದುವಾಗ ನಿಜಕ್ಕೂ ಓದುವುದು ಕಡಿಮೆ, ನೆನಪಿಸಿಕೊಳ್ಳುವುದೇ ಹೆಚ್ಚು. ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಕಣ್ಣು ಅದನ್ನು ಅರೆಬರೆ ಕಂಡು ಮುಂದಕ್ಕೆ ಸರಿಯುತ್ತದೆ. ಬಿಟ್ಟುಹೋದ ಪದವಿದ್ದರೆ ಮನಸ್ಸು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಅಚ್ಚಾದ ದಿನ ಪುಟದ ಅಗಲ, ಅಕ್ಷರದ ರೂಪ, ಸಾಲು ಮುರಿಯುವ ಜಾಗ ಎಲ್ಲವೂ ಬದಲಾಗಿ ನಿಮ್ಮ ಬರಹ ನಿಮಗೇ ಅಪರಿಚಿತವಾಗಿರುತ್ತದೆ, ಆದ್ದರಿಂದ ಅಂದು ಮೊದಲ ಬಾರಿಗೆ ಅದನ್ನು ಓದುತ್ತೀರಿ. ಆ ಅಪರಿಚಯವನ್ನು ಅಚ್ಚಿಗೆ ಮೊದಲೇ ಬರಮಾಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿರುವ ಪ್ರಶ್ನೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕಾಲ. ರೋಮನ್ ಕವಿ ಹೊರೇಸ್, ಬರೆದದ್ದನ್ನು ಒಂಬತ್ತನೆಯ ವರ್ಷದವರೆಗೆ ಹೊರಬಿಡದೆ ಇಟ್ಟುಕೊಳ್ಳಬೇಕೆಂದು ಕಿರಿಯರಿಗೆ ಹೇಳಿದ್ದ. ಪ್ರಕಟವಾಗದಿರುವುದನ್ನು ಅಳಿಸಬಹುದು, ಹೊರಟುಹೋದ ಮಾತನ್ನು ಹಿಂದಕ್ಕೆ ಕರೆಯಲಾಗದು ಎಂಬುದು ಅವನು ಕೊಟ್ಟ ಕಾರಣ. ಒಂಬತ್ತು ವರ್ಷ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಚಿಕ್ಕ ಲೇಖನಕ್ಕೆ ಒಂದು ರಾತ್ರಿ, ಕಥೆಗೆ ಎರಡು ಮೂರು ವಾರ ಕೊಡುವುದು ಕಷ್ಟವಲ್ಲ, ಆ ನಡುವೆ ಬೇರೆ ಏನನ್ನಾದರೂ ಬರೆಯಲು ತೊಡಗಿದರೆ ಹಳೆಯದು ಇನ್ನೂ ಬೇಗ ದೂರವಾಗುತ್ತದೆ.

ಅಷ್ಟು ಸಮಯವೂ ಇಲ್ಲದಿದ್ದಾಗ ಬರಹದ ವೇಷವನ್ನು ಬದಲಿಸಿ. ಅಕ್ಷರದ ಗಾತ್ರವನ್ನೂ ಫಾಂಟನ್ನೂ ಬದಲಿಸಿ, ಸಾಲುಗಳನ್ನು ಕಿರಿದಾಗಿಸಿ, ಸಾಧ್ಯವಾದರೆ ಕಾಗದದ ಮೇಲೆ ಮುದ್ರಿಸಿಕೊಂಡು ಓದಿ. ಕೊನೆಯ ಪ್ಯಾರಾದಿಂದ ಮೊದಲಿನದಕ್ಕೆ ಹಿಮ್ಮುಖವಾಗಿ ಬಂದರೆ ವಾದದ ಓಟ ನಿಮ್ಮನ್ನು ಎಳೆದೊಯ್ಯುವುದಿಲ್ಲ, ವಾಕ್ಯಗಳು ಒಂದೊಂದಾಗಿ ನಿಲ್ಲುತ್ತವೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಗಟ್ಟಿಯಾಗಿ ಓದುವುದರಲ್ಲಿ. ಉಸಿರು ಸಾಲದ ವಾಕ್ಯ, ಅಡಿಗಡಿಗೆ ಬರುವ ಒಂದೇ ಪದ, ನಾಲಿಗೆ ತೊಡರುವ ಒತ್ತಕ್ಷರಗಳ ಸಾಲು ಇವನ್ನೆಲ್ಲ ಕಣ್ಣು ಕ್ಷಮಿಸಿದರೂ ಕಿವಿ ಕ್ಷಮಿಸುವುದಿಲ್ಲ. ಫೋನಿನಲ್ಲಿರುವ ಓದುವ ಧ್ವನಿಗೆ ಒಪ್ಪಿಸಿದರೂ ಆದೀತು. ಅದರ ಉಚ್ಚಾರಣೆ ಯಾಂತ್ರಿಕವೆಂಬುದೇ ಇಲ್ಲಿ ಅನುಕೂಲ, ಏಕೆಂದರೆ ನಿಮ್ಮ ಮನಸ್ಸಿನಲ್ಲಿದ್ದದ್ದು ಅದಕ್ಕೆ ಗೊತ್ತಿಲ್ಲ, ಇದ್ದದ್ದನ್ನು ಇದ್ದಂತೆ ಓದಿಬಿಡುತ್ತದೆ.

ಪ್ರಶ್ನೆ: ತಿದ್ದಲು ಕುಳಿತರೆ ಮೊದಲ ಪ್ಯಾರಾವನ್ನೇ ಹತ್ತು ಸಲ ತಿದ್ದುತ್ತೇನೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ದಣಿದಿರುತ್ತೇನೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. ಮೊದಲ ಸುತ್ತಿನಲ್ಲಿ ಕಾಗುಣಿತವನ್ನು ಮುಟ್ಟಲೇಬೇಡಿ. ಇದು ಸೋಮಾರಿತನದ ಸಲಹೆಯಂತೆ ಕಂಡರೂ ಇದಕ್ಕೊಂದು ಗಟ್ಟಿ ಕಾರಣವಿದೆ: ಗಂಟೆಗಟ್ಟಲೆ ಉಜ್ಜಿ ಹೊಳಪಿಸಿದ ವಾಕ್ಯವನ್ನು, ಅದು ಆ ಜಾಗದಲ್ಲಿ ಬೇಡವೆಂದು ಆಮೇಲೆ ತಿಳಿದರೂ, ತೆಗೆದುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಗೋಡೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾಗುವ ಮೊದಲು ಬಣ್ಣ ಬಳಿದಂತೆ ಅದು.

ಮೊದಲ ಸುತ್ತಿಗೆ ನಾನು ಬಳಸುವ ಕ್ರಮ ಹೀಗಿದೆ. ಪ್ರತಿ ಪ್ಯಾರಾದ ಅಂಚಿನಲ್ಲಿ, ಅದು ಏನು ಹೇಳುತ್ತದೆಂಬುದನ್ನು ಆರೇಳು ಪದಗಳಲ್ಲಿ ಬರೆಯುತ್ತೇನೆ. ನಾನು ಏನು ಹೇಳಬೇಕೆಂದಿದ್ದೆ ಎಂಬುದನ್ನಲ್ಲ, ಕಾಗದದ ಮೇಲೆ ಏನಿದೆ ಎಂಬುದನ್ನು ಮಾತ್ರ. ಮುಗಿದ ಮೇಲೆ ಬರಹವನ್ನು ಬದಿಗಿಟ್ಟು ಈ ಟಿಪ್ಪಣಿಗಳನ್ನಷ್ಟೇ ಓದಿದರೆ ಬರಹದ ಎಲುಬುಗೂಡು ಕಣ್ಣೆದುರು ನಿಲ್ಲುತ್ತದೆ. ಮೂರನೆಯದೂ ಏಳನೆಯದೂ ಒಂದೇ ಮಾತನ್ನು ಹೇಳುತ್ತಿರಬಹುದು. ನಾಲ್ಕರಿಂದ ಐದಕ್ಕೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲು ಕಾಣೆಯಾಗಿರಬಹುದು. ಒಂದು ಪ್ಯಾರಾದ ಎದುರು ಏನು ಬರೆಯಬೇಕೆಂದೇ ತೋಚದಿರಬಹುದು. ಹಾಗೆ ತೋಚದ ಪ್ಯಾರಾದಲ್ಲಿ ಎರಡು ವಿಷಯಗಳು ಕಾದಾಡುತ್ತಿರುತ್ತವೆ, ಇಲ್ಲವೇ ಒಂದು ವಿಷಯವೂ ಇರುವುದಿಲ್ಲ.

ಇದೇ ಸುತ್ತಿನಲ್ಲಿ ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ, ಎರಡನೆಯದರಿಂದ ಓದಿ ನೋಡಿ. ಬರೆಯಲು ಕುಳಿತವರು ವಿಷಯದ ಬಾಗಿಲನ್ನು ಮುಟ್ಟುವ ಮೊದಲು ಅಂಗಳದಲ್ಲಿ ಸ್ವಲ್ಪ ಓಡಾಡುವುದು ಸಹಜ. 'ಇಂದಿನ ವೇಗದ ಯುಗದಲ್ಲಿ' ಎಂದೋ 'ಮಾನವನ ಜೀವನದಲ್ಲಿ ಪುಸ್ತಕಗಳಿಗೆ ಮಹತ್ವದ ಸ್ಥಾನವಿದೆ' ಎಂದೋ ತೊಡಗುವ ಆರಂಭಗಳು ಬರೆಯುವವರ ಕೈ ಪಳಗಲು ಬೇಕಾಗಿದ್ದವು, ಓದುವವರಿಗೆ ಬೇಕಿಲ್ಲ. ನೀವು ಹತ್ತು ಸಲ ತಿದ್ದಿದ ಆ ಮೊದಲ ಪ್ಯಾರಾ ಇಂಥದ್ದೇ ಆಗಿದ್ದರೆ ಆಶ್ಚರ್ಯಪಡಬೇಡಿ; ಎಷ್ಟು ತಿದ್ದಿದರೂ ಅದು ಸರಿಹೋಗದಿರಲು ಅದೇ ಕಾರಣವಿರಬಹುದು.

ಎರಡನೆಯ ಸುತ್ತು ವಾಕ್ಯಗಳಿಗೆ, ಮೂರನೆಯದು ಕಾಗುಣಿತ, ಅಂಕಿ, ಹೆಸರು, ದಿನಾಂಕಗಳಿಗೆ. ಒಂದು ಸುತ್ತಿನಲ್ಲಿ ಒಂದನ್ನೇ ಹುಡುಕಿ. ಸುತ್ತನ್ನು ನಡುವಿನ ಪುಟದಿಂದಲೂ ಶುರುಮಾಡಬಹುದು, ಹಾಗೆ ಮಾಡಿದರೆ ಕೊನೆಯ ಪುಟಗಳಿಗೂ ನಿಮ್ಮ ದಣಿಯದ ಗಮನ ಸಿಗುತ್ತದೆ.

ಪ್ರಶ್ನೆ: ನನ್ನ ವಾಕ್ಯಗಳು ಉದ್ದವೆಂದೂ ಅನುವಾದದಂತೆ ಇವೆಯೆಂದೂ ಸ್ನೇಹಿತರು ಹೇಳುತ್ತಾರೆ. ವಾಕ್ಯಗಳನ್ನು ತುಂಡರಿಸಿದರೆ ಸಾಕೇ?

ಉತ್ತರ: ಸಾಲದು. ಉದ್ದವೂ ಅನುವಾದದ ವಾಸನೆಯೂ ಎರಡು ಬೇರೆ ಬೇರೆ ದೋಷಗಳು. ಉದ್ದ ಎಷ್ಟೋ ಸಲ ದೋಷವೇ ಅಲ್ಲ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕರ್ತೃಪದವನ್ನು ಮೊದಲೇ ಇಟ್ಟು ನಡುವೆ ವಿಶೇಷಣಗಳನ್ನು ತುಂಬಿದರೆ, ಯಾರು ಏನು ಮಾಡಿದರೆಂದು ತಿಳಿಯುವವರೆಗೆ ಓದುಗರು ಆ ಹೊರೆಯನ್ನು ಹೊತ್ತೇ ನಡೆಯಬೇಕು. 'ಸಮಿತಿಯು ಗ್ರಂಥಾಲಯದ ಸಮಯವನ್ನು ವಿಸ್ತರಿಸಬೇಕೆಂದು ಸದಸ್ಯರು ಕಳೆದ ವರ್ಷ ಸಲ್ಲಿಸಿದ್ದ ಮನವಿಯನ್ನು ತಿರಸ್ಕರಿಸಿತು' ಎಂಬ ವಾಕ್ಯವನ್ನು ನೋಡಿ. ವಿಸ್ತರಿಸಬೇಕೆಂದದ್ದು ಸಮಿತಿಯೇ ಇರಬೇಕೆಂದು ಅರ್ಧ ದಾರಿಯವರೆಗೆ ಅನ್ನಿಸುತ್ತದೆ. ಇದನ್ನು ತುಂಡರಿಸುವ ಅಗತ್ಯವಿಲ್ಲ, ಕರ್ತೃಪದವನ್ನು ಕ್ರಿಯಾಪದದ ಹತ್ತಿರ ತಂದರಾಯಿತು: 'ಗ್ರಂಥಾಲಯದ ಸಮಯವನ್ನು ವಿಸ್ತರಿಸಬೇಕೆಂದು ಸದಸ್ಯರು ಕಳೆದ ವರ್ಷ ಸಲ್ಲಿಸಿದ್ದ ಮನವಿಯನ್ನು ಸಮಿತಿ ತಿರಸ್ಕರಿಸಿತು.' ಪದಗಳು ಅವೇ, ಉದ್ದವೂ ಅಷ್ಟೇ; ಎಡವುವ ಕಲ್ಲು ಮಾತ್ರ ಇಲ್ಲ. ವಿಶೇಷಣ ಯಾವ ಪದಕ್ಕೆ ಸೇರಿದ್ದೆಂಬುದನ್ನೂ ಹೀಗೆಯೇ ನೋಡಿ. 'ಹಳೆಯ ಪುಸ್ತಕದ ಅಂಗಡಿ' ಎಂದರೆ ಹಳೆಯದಾದದ್ದು ಪುಸ್ತಕವೋ ಅಂಗಡಿಯೋ? 'ಅಣ್ಣ ತಮ್ಮನಿಗೆ ಅವನ ಪೆನ್ನು ಕೊಟ್ಟ' ಎಂಬಲ್ಲಿ ಪೆನ್ನು ಯಾರದು? ಪೆನ್ನು ಅಣ್ಣನದಾಗಿದ್ದರೆ 'ತನ್ನ' ಎಂಬ ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ.

ಇನ್ನು ಅನುವಾದದ ವಾಸನೆ. ಕನ್ನಡದಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥವಾದ, 9ನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷಗಳನ್ನು ಕುರಿತದ್ದು. ಕನ್ನಡ, ಸಂಸ್ಕೃತ ಪದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂಬ ಹೋಲಿಕೆ ಅಲ್ಲಿದೆ. ಈಗ ಹಾಲು ಒಡೆಯುವುದು ಬೇರೆ ಕಡೆ: ಪದಗಳೆಲ್ಲ ಕನ್ನಡದವೇ, ಅಚ್ಚು ಮಾತ್ರ ಇಂಗ್ಲಿಷಿನದು. 'ಈ ಕೋಣೆಯು ಎರಡು ಕಿಟಕಿಗಳನ್ನು ಹೊಂದಿದೆ' ಎಂದು ಬರೆದಿದ್ದರೆ 'ಈ ಕೋಣೆಗೆ ಎರಡು ಕಿಟಕಿಗಳಿವೆ' ಎಂದು ತಿದ್ದಿ. 'ಅವರು ಒಬ್ಬ ಒಳ್ಳೆಯ ವ್ಯಕ್ತಿಯಾಗಿದ್ದಾರೆ' ಎಂಬುದು 'ಅವರು ಒಳ್ಳೆಯವರು' ಎಂದಾಗಲಿ, 'ಪರಿಶೀಲನೆಯನ್ನು ನಡೆಸಿದರು' ಎಂಬುದು 'ಪರಿಶೀಲಿಸಿದರು' ಎಂದಾಗಲಿ. 'ನಿರ್ಧಾರ ಕೈಗೊಳ್ಳಲಾಯಿತು' ಎಂಬಂಥ ಕರ್ಮಣಿ ಪ್ರಯೋಗ ಕಂಡಾಗಲೆಲ್ಲ, ನಿರ್ಧರಿಸಿದವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ, ತಿದ್ದಬೇಕಾದದ್ದು ವಾಕ್ಯವನ್ನಲ್ಲ, ವಿಷಯವನ್ನು ಇನ್ನಷ್ಟು ವಿಚಾರಿಸಬೇಕು. ಕರ್ಮಣಿ ಪ್ರಯೋಗವನ್ನು ಸಂಪೂರ್ಣ ಬಿಡಬೇಕೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಮಾಡಿದವರು ಮುಖ್ಯವಲ್ಲದ ಕಡೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ.

ಪ್ರಶ್ನೆ: ಸ್ಪರ್ಧೆಯೊಂದಕ್ಕೆ 1,500 ಪದಗಳ ಮಿತಿ ಇದೆ. ನನ್ನ ಕಥೆ 2,400 ಪದಗಳಷ್ಟಿದೆ. ಯಾವುದನ್ನು ತೆಗೆದರೂ ನೋವಾಗುತ್ತದೆ.

ಉತ್ತರ: ಫ್ರೆಂಚ್ ಚಿಂತಕ ಪಾಸ್ಕಲ್ 1656ರ ತನ್ನ ಒಂದು ಪತ್ರದಲ್ಲಿ, ಚಿಕ್ಕದಾಗಿ ಬರೆಯಲು ಬಿಡುವಿಲ್ಲದ್ದರಿಂದ ಪತ್ರ ಉದ್ದವಾಯಿತೆಂದು ಹೇಳಿಕೊಂಡಿದ್ದಾನೆ. ನಿಮ್ಮ ಕಷ್ಟ ಹೊಸದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನೀವು 900 ಪದಗಳನ್ನು, ಎಂದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು, ತೆಗೆಯಬೇಕಾಗಿದೆ. ಇಷ್ಟನ್ನು ವಾಕ್ಯಕ್ಕೆ ಎರಡು ಪದದಂತೆ ಹೆಕ್ಕಿ ತೆಗೆಯಲು ಹೊರಟರೆ ಕಥೆ ಬಡಕಲಾಗುತ್ತದೆ, ಚಿಕ್ಕದಾಗುವುದಿಲ್ಲ. ಮೊದಲು ಇಡೀ ಘಟಕಗಳನ್ನು ನೋಡಿ: ಒಂದು ಸನ್ನಿವೇಶ, ಒಂದು ಪಾತ್ರ, ಒಂದು ಹಿಂದಿನ ಕಥೆ. ಇಬ್ಬರು ಗೆಳೆಯರು ಮಾಡುವ ಕೆಲಸವನ್ನು ಒಬ್ಬನೇ ಮಾಡಬಲ್ಲನೇ? ಸಂಭಾಷಣೆಯಲ್ಲಿ ಆಗಲೇ ತಿಳಿದದ್ದನ್ನು ಕಥೆಗಾರರು ಮುಂದಿನ ಸಾಲಿನಲ್ಲಿ ಮತ್ತೆ ವಿವರಿಸುತ್ತಿದ್ದಾರೆಯೇ? ಹೀಗೆ ದೊಡ್ಡ ತುಂಡುಗಳು ಹೋದ ಮೇಲೆ ಉಳಿದ ನೂರಿನ್ನೂರು ಪದಗಳನ್ನು 'ಬಹಳ', 'ನಿಜವಾಗಿಯೂ', 'ಒಂದು ರೀತಿಯಲ್ಲಿ' ಮುಂತಾದವುಗಳಿಂದ ಪಡೆಯಿರಿ. ನೋವಿಗೆ ಮದ್ದು ಸುಲಭ. ತೆಗೆದದ್ದನ್ನು ಅಳಿಸದೆ ಬೇರೊಂದು ಕಡತದಲ್ಲಿ ಇಟ್ಟುಕೊಳ್ಳಿ. ಅಂಥ ಕಡತ ನನ್ನಲ್ಲೂ ಇದೆ, ಅದರಿಂದ ಮರಳಿ ತಂದ ಸಾಲುಗಳು ಬೆರಳೆಣಿಕೆಯಷ್ಟೂ ಇಲ್ಲ. ಆದರೂ ಅದು ಇರುವುದರಿಂದಲೇ ಕತ್ತರಿ ಹಾಕುವ ಕೈ ನಡುಗುವುದಿಲ್ಲ.

ಪ್ರಶ್ನೆ: ಕಂಪ್ಯೂಟರಿನ ಕಾಗುಣಿತ ಪರೀಕ್ಷಕವನ್ನು ನಂಬಬಹುದೇ?

ಉತ್ತರ: ಮೊದಲ ಜರಡಿಯಾಗಿ ಬಳಸಬಹುದು. 'ಬೆಲೆ' ಬರೆಯಬೇಕಾದಲ್ಲಿ 'ಬೆಳೆ' ಎಂದಿದ್ದರೆ ಅಂಥ ತಂತ್ರಾಂಶ ಸುಮ್ಮನಿರುವ ಸಂಭವವೇ ಹೆಚ್ಚು, ಏಕೆಂದರೆ ಎರಡೂ ಸರಿಯಾದ ಪದಗಳೇ. ಕನ್ನಡದಲ್ಲಿ ಪ್ರತ್ಯಯಗಳೂ ಸಂಧಿಗಳೂ ಸೇರಿ ಒಂದೇ ಪದ ಹತ್ತಾರು ರೂಪ ತಾಳುವುದರಿಂದ ಸರಿಯಾದದ್ದರ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಅದಕ್ಕಿಂತ ಉಪಯುಕ್ತವಾದದ್ದು ನಿಮ್ಮದೇ ತಪ್ಪುಗಳ ಪಟ್ಟಿ. ಬಹುತೇಕರು ಹೊಸ ತಪ್ಪುಗಳನ್ನು ಮಾಡುವುದಿಲ್ಲ, ಹಳೆಯ ಎಂಟು ಹತ್ತನ್ನೇ ಮತ್ತೆ ಮತ್ತೆ ಮಾಡುತ್ತಾರೆ: 'ಜಾತ್ಯತೀತ' ಎಂಬುದರ ಬದಲು 'ಜಾತ್ಯಾತೀತ', 'ಕೋಟ್ಯಂತರ' ಎಂಬುದರ ಬದಲು 'ಕೋಟ್ಯಾಂತರ', 'ಉಚ್ಚಾರಣೆ' ಎಂಬುದರ ಬದಲು 'ಉಚ್ಛಾರಣೆ'. ಜಾತಿ ಮತ್ತು ಅತೀತ, ಕೋಟಿ ಮತ್ತು ಅಂತರ ಎಂದು ಬಿಡಿಸಿ ನೋಡಿದರೆ ಅಲ್ಲಿ ದೀರ್ಘ ಬರಲು ಕಾರಣವಿಲ್ಲವೆಂಬುದು ತಿಳಿಯುತ್ತದೆ. ಕಡತದಲ್ಲಿ ಪದ ಹುಡುಕುವ ಸೌಲಭ್ಯವನ್ನು ತೆರೆದು ನಿಮ್ಮ ಪಟ್ಟಿಯ ಒಂದೊಂದು ತಪ್ಪನ್ನೂ ಹುಡುಕಿ.

ಪ್ರಶ್ನೆ: ಬರೆದದ್ದನ್ನು ಬೇರೆಯವರಿಗೆ ತೋರಿಸಿದರೆ 'ಚೆನ್ನಾಗಿದೆ' ಎಂದಷ್ಟೇ ಹೇಳುತ್ತಾರೆ. ತಿದ್ದುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯುವುದಿಲ್ಲ.

ಉತ್ತರ: 'ಹೇಗಿದೆ?' ಎಂದು ಕೇಳಿದರೆ ಸಿಗುವ ಉತ್ತರ ಅದೇ. ಎಲ್ಲಿ ಓದುವುದನ್ನು ನಿಲ್ಲಿಸಬೇಕೆನ್ನಿಸಿತು, ಯಾವ ವಾಕ್ಯವನ್ನು ಎರಡು ಸಲ ಓದಬೇಕಾಯಿತು, ಇದು ಯಾವುದರ ಬಗ್ಗೆ ಎಂದು ಮತ್ತೊಬ್ಬರಿಗೆ ಒಂದು ಮಾತಿನಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿ. ಅವರು ಎಡವಿದೆನೆಂದು ತೋರಿಸಿದ ಜಾಗವನ್ನು ನಂಬಿ. ಅದನ್ನು ಹೀಗೆ ತಿದ್ದಿರೆಂದು ಕೊಡುವ ಸಲಹೆಯನ್ನು ಅಷ್ಟಾಗಿ ನಂಬಬೇಕಿಲ್ಲ. ಅವರು ಉತ್ತರಿಸುವಾಗ ನಿಮ್ಮ ಉದ್ದೇಶವನ್ನು ವಿವರಿಸಲು ಹೋಗಬೇಡಿ, ಅಚ್ಚಾದ ಪುಟದ ಪಕ್ಕದಲ್ಲಿ ನೀವು ನಿಂತಿರುವುದಿಲ್ಲ.

ನಿಲ್ಲಿಸುವುದಕ್ಕೆ ಒಂದು ಗುರುತಿದೆ. ನಿನ್ನೆ ತೆಗೆದ ಪದವನ್ನು ಇಂದು ಮರಳಿ ಹಾಕಿ, ನಾಳೆ ಮತ್ತೆ ತೆಗೆಯುವ ಹಂತಕ್ಕೆ ಬಂದಿದ್ದರೆ ನೀವು ಬರಹವನ್ನು ತಿದ್ದುತ್ತಿಲ್ಲ, ಕಳುಹಿಸಲು ಅಂಜುತ್ತಿದ್ದೀರಿ. ಹೆಸರುಗಳನ್ನೂ ಅಂಕಿಗಳನ್ನೂ ಇನ್ನೊಮ್ಮೆ ನೋಡಿಕೊಂಡು ಅಂದೇ ಕಳುಹಿಸಿಬಿಡಿ.