ಹೆಸರಘಟ್ಟದ ಇಟ್ಟಿಗೆ ಕಾಲುವೆ

ಪ್ರಶ್ನೆ: ಸರ್, ಹೆಸರಘಟ್ಟದ ಕಡೆ ಸೈಟು ಕೊಂಡು ಹೋದ ವರ್ಷ ಮನೆ ಕಟ್ಟಿಸಿದೆವು. ವಾಕಿಂಗ್ ಹೋಗುವ ದಾರಿಯಲ್ಲಿ ಉದ್ದಕ್ಕೂ ಒಂದು ಹಳೇ ಇಟ್ಟಿಗೆ ಗೋಡೆ ಕಾಣುತ್ತದೆ. ಅಲ್ಲಲ್ಲಿ ಕಮಾನೂ ಇವೆ. ಟಿಪ್ಪು ಕಾಲದ ಕೋಟೆ ಅಂತ ಟೀ ಅಂಗಡಿಯವರು ಹೇಳಿದರು. ನಿಜವಾ?
– ಓದುಗರೊಬ್ಬರು, ಹೆಸರಘಟ್ಟ ರಸ್ತೆ

ಉತ್ತರ: ಟೀ ಅಂಗಡಿಯವರ ಮೇಲೆ ಬೇಜಾರು ಬೇಡಮ್ಮ. ನನ್ನ ಮೊಮ್ಮಗ ಅದನ್ನು ನೋಡಿ ರೈಲು ಸೇತುವೆ ಅಂದಿದ್ದ. ನೀವು ನೋಡಿದ್ದು ನೀರಿನ ಕಾಲುವೆ. ಮೇಲೆ ಮುಚ್ಚಿದೆ, ಅದಕ್ಕೇ ಗೋಡೆ ಥರ ಕಾಣುತ್ತದೆ. ಬೆಂಗಳೂರಿನ ನಲ್ಲಿಗಳಿಗೆ ಮೊದಲು ನೀರು ಬಂದದ್ದು ಅದರೊಳಗೆ ಹರಿದು.

ಅದಕ್ಕೂ ಮುಂಚೆ ಊರಿನವರು ಕುಡಿಯುತ್ತಿದ್ದದ್ದು ಬಾವಿ ನೀರು, ಕೆರೆ ನೀರು. ಈಗಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಜಾಗದಲ್ಲಿ ಸಂಪಂಗಿ ಕೆರೆ. 1876ರಿಂದ 78ರವರೆಗೆ ಬಂದ ದೊಡ್ಡ ಬರದಲ್ಲಿ ಈ ಕೆರೆಗಳನ್ನು ನಂಬಿದರೆ ಆಗದು ಅಂತ ಗೊತ್ತಾಯಿತು. ಆಮೇಲೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಊರಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕೆರೆ ಕಟ್ಟಿದರು. ಯೋಜನೆಗೆ ಮಹಾರಾಜರ ಹೆಸರನ್ನೇ ಇಟ್ಟರು, ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ. ಪಾಪ, ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತಾದಲ್ಲಿ ತೀರಿಕೊಂಡರು. ಊರಿಗೆ ನೀರು ಬಂದದ್ದು 1896ರಲ್ಲಿ.

ಇನ್ನು ನಿಮ್ಮ ಕಾಲುವೆ. ನಾನು ಮೂವತ್ತು ವರ್ಷ ನೀರಿನ ಪೈಪುಗಳ ಜೊತೆ ಏಗಿದವನು, ಇದನ್ನು ನೋಡಿದಾಗಲೆಲ್ಲ ತಲೆದೂಗುತ್ತೇನೆ. ಕೆರೆಯಿಂದ ಸೋಲದೇವನಹಳ್ಳಿವರೆಗೆ ಪಂಪೇ ಬೇಡ. ಸಣ್ಣ ಇಳಿಜಾರು ಕೊಟ್ಟಿದ್ದಾರೆ, ನೀರು ತಾನಾಗಿ ಹರಿಯುತ್ತದೆ. ಒತ್ತಡವಿಲ್ಲದ ನೀರಿಗೆ ಕಬ್ಬಿಣದ ಪೈಪು ಯಾಕೆ? ಇಟ್ಟಿಗೆ, ಗಾರೆ ಸಾಕು. ಹಳ್ಳ ಬಂದಲ್ಲಿ ಇಳಿಜಾರು ತಪ್ಪಬಾರದು ಅಂತ ಕಮಾನಿನ ಮೇಲೆ ದಾಟಿಸಿದ್ದಾರೆ. ಬೆಂಗಳೂರು ದಿಬ್ಬದ ಮೇಲಿರುವ ಊರು ಅಲ್ವಾ, ಹಾಗಾಗಿ ಸೋಲದೇವನಹಳ್ಳಿಯಿಂದ ಮಾತ್ರ ನೀರನ್ನು ಮೇಲಕ್ಕೆ ಎತ್ತಲೇಬೇಕಿತ್ತು. ಶುರುವಿನಲ್ಲಿ ಆ ಕೆಲಸ ಮಾಡಿದ್ದು ಉಗಿ ಯಂತ್ರ. ಬೆಂಗಳೂರಿಗೆ ಕರೆಂಟು ಬಂದದ್ದೇ 1905ರಲ್ಲಿ.

ಪ್ರಶ್ನೆ: ಇಷ್ಟು ದೊಡ್ಡ ಕೆರೆ ಒಣಗಿದ್ದು ಯಾಕೆ? ಹೂಳು ತೆಗೆದರೆ ಸರಿ ಹೋಗುತ್ತದಾ?
– ನಿವೃತ್ತ ಶಿಕ್ಷಕರು, ಯಲಹಂಕ

ಉತ್ತರ: ಹೂಳು ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಮೇಷ್ಟ್ರೇ, ಪಾತ್ರೆ ತಿಕ್ಕಿಟ್ಟರೆ ಹಾಲು ಬಂದುಬಿಡುತ್ತದಾ? ಏರಿ ಗಟ್ಟಿಯಾಗಿದೆ. ಕೆಟ್ಟಿರುವುದು ಮೇಲಿನ ಕಡೆ.

ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ದೊಡ್ಡಬಳ್ಳಾಪುರದ ಕಡೆಯಿಂದ ಒಂದು ಕೆರೆ ತುಂಬಿ, ಕೋಡಿ ಬಿದ್ದು, ಮುಂದಿನ ಕೆರೆ ತುಂಬಿ, ಹೀಗೇ ಇಳಿದು ಇಲ್ಲಿಗೆ ಬರಬೇಕು. ನಡುವೆ ರಾಜಕಾಲುವೆಗಳು ಮುಚ್ಚಿಹೋದವು. ಹೊಲಗಳಲ್ಲಿ ನೀಲಗಿರಿ ಬಂತು, ಆಮೇಲೆ ಬೋರ್‌ವೆಲ್. ಮೊದಲು ನೂರಡಿಗೇ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ಕೊರೆಯುತ್ತಾರೆ. ಅಂಥ ನೆಲದ ಮೇಲೆ ಬಿದ್ದ ಮಳೆ ಹೊಳೆವರೆಗೆ ಬರುವುದೇ ಇಲ್ಲ, ದಾರಿಯಲ್ಲೇ ಇಂಗಿಹೋಗುತ್ತದೆ. 2022ರಂಥ ಜಡಿಮಳೆ ಬಂದರೆ ಮಾತ್ರ ಕೆರೆಗೆ ಕಳೆ. ಒಣಗಿದ್ದ ವರ್ಷಗಳಲ್ಲಿ ಅಂಗಳದಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿತ್ತು, ಹೀರೋ ಧೂಳೆಬ್ಬಿಸಿಕೊಂಡು ಓಡುತ್ತಿದ್ದ. ನಮಗೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ.

ಹಾಗಂತ ಹಿಂದೆ ಎಲ್ಲಾ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಊರು ಬೆಳೆದ ಹಾಗೆ ಹೆಸರಘಟ್ಟ ಸಾಲದೇ ಹೋಯಿತು. 1933ರಲ್ಲಿ ಇದೇ ಅರ್ಕಾವತಿಗೆ ಕೆಳಗಡೆ, ಕುಮುದ್ವತಿ ಬಂದು ಸೇರುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಅದೂ ಸಾಲದೆ 1974ರಲ್ಲಿ ಕಾವೇರಿಗೆ ಕೈ ಹಾಕಿದೆವು. ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರು ತಂದು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಿದ್ದೇವೆ. ಆ ಕರೆಂಟ್ ಬಿಲ್ ನೆನೆಸಿಕೊಂಡರೆ ಇಟ್ಟಿಗೆ ಕಾಲುವೆಯ ಮೇಲೆ ಇನ್ನೂ ಪ್ರೀತಿ ಬರುತ್ತದೆ.

ಪ್ರಶ್ನೆ: ಮಲ್ಲೇಶ್ವರದಲ್ಲಿ ‘ಜ್ಯುವೆಲ್ ಫಿಲ್ಟರ್’ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಒಡವೆ ಮಾಡುತ್ತಿದ್ದರಾ?
– ಕಾಲೇಜು ವಿದ್ಯಾರ್ಥಿ, ಮತ್ತಿಕೆರೆ

ಉತ್ತರ: ಇಲ್ಲಪ್ಪ, ನೀರು ಸೋಸುತ್ತಿದ್ದರು. ಸೋಲದೇವನಹಳ್ಳಿಯಿಂದ ಪಂಪಾದ ಹೆಸರಘಟ್ಟದ ನೀರು ಅಲ್ಲಿಗೇ ಬರುತ್ತಿದ್ದದ್ದು. ಮರಳಿನ ಮೂಲಕ ನೀರನ್ನು ಬೇಗ ಸೋಸುವ ಆ ಫಿಲ್ಟರಿಗೆ ಅಮೆರಿಕದ ಜ್ಯುವೆಲ್ ಎಂಬವರ ಹೆಸರು. ನಮ್ಮ ಮನೆ ಇದ್ದದ್ದು ಅಲ್ಲಿಂದ ನಾಲ್ಕು ಬೀದಿ ಆಚೆ. ನಲ್ಲಿ ನಿಂತ ದಿನ ಅಜ್ಜಿ ಬಾವಿ ನೀರಲ್ಲೇ ಬೇಳೆ ಇಡುತ್ತಿದ್ದಳು. ಅವತ್ತು ಬೇಳೆ ಬೇಯುತ್ತಲೇ ಇರಲಿಲ್ಲ, ನಾವು ತಟ್ಟೆ ಹಾಕಿಕೊಂಡು ಕಾಯುತ್ತಾ ಕೂರುತ್ತಿದ್ದೆವು. ‘ಹೆಸರಘಟ್ಟದ ನೀರು ಬರಲಿ ಇರ್ರೋ’ ಅಂತ ಒಲೆ ಮುಂದಿನಿಂದಲೇ ಗದರುತ್ತಿದ್ದಳು.