ಸಲೈನ್ ಕೊಟ್ಟ ಇಲಿಯಲ್ಲೂ ಎಲಿಸ್ಪಾಟ್ ಚುಕ್ಕೆ ಬರುವುದೇಕೆ?

ಎಂಆರ್‌ಎನ್‌ಎ ಲಸಿಕೆಯ ಪ್ರಯೋಗ ಮೈಸೂರಿನಲ್ಲಿ, ಇಲಿಗಳ ಸ್ಪ್ಲೀನ್ (ಗುಲ್ಮ) ಐಸ್ ಮೇಲೆ ಮಡಿಕೇರಿಗೆ ಬರುತ್ತದೆ, ಐಎಫ್‌ಎನ್-ಗಾಮಾ ಎಲಿಸ್ಪಾಟ್ (ಈ ರೋಗನಿರೋಧಕ ಪ್ರೋಟೀನನ್ನು ಸ್ರವಿಸುವ ಪ್ರತಿ ಕೋಶವನ್ನೂ ಒಂದು ಚುಕ್ಕೆಯಾಗಿ ತೋರಿಸುವ ಪರೀಕ್ಷೆ) ಮಾಡಿದರೆ ಲಸಿಕೆಯ ಬದಲು ಉಪ್ಪುನೀರು ಕೊಟ್ಟ ಸಲೈನ್ ಗುಂಪಿನಲ್ಲೂ ಚುಕ್ಕೆ, ಏಕೆ ಎಂದು ಕೇಳಿದ್ದೀರಿ.

ಮೊದಲು ಅದೇ ಇಲಿಯ, ಪೆಪ್ಟೈಡ್ (ಕೋಶಗಳನ್ನು ಕೆರಳಿಸಲು ಹಾಕುವ, ಲಸಿಕೆಯ ಪ್ರೋಟೀನಿನ ತುಣುಕು) ಇಲ್ಲದೆ, ಅದನ್ನು ಕರಗಿಸುವ ಡಿಎಂಎಸ್‌ಒ ದ್ರಾವಕ ಮಾತ್ರ ಹಾಕಿದ ವೆಲ್ (ಪ್ಲೇಟಿನ ಗುಳಿ) ನೋಡಿ. ಅಲ್ಲೂ ಚುಕ್ಕೆಯಿದ್ದರೆ ಸೀರಂ ಬ್ಯಾಚ್ ಅಥವಾ ಸತ್ತ ಜೀವಕೋಶಗಳ ತೊಂದರೆ. ಪೆಪ್ಟೈಡ್ ವೆಲ್‌ನಲ್ಲಿ ಮಾತ್ರ ಇದ್ದರೆ ನನ್ನ ಮೊದಲ ಅನುಮಾನ ಪೆಪ್ಟೈಡ್ ಮಿಶ್ರಣದ (ಪೂಲ್) ಕಲ್ಮಶದ ಮೇಲೆ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ ಮಾಡಿಸಿ.

ಸ್ಪ್ಲೀನನ್ನು ಒಣ ಟ್ಯೂಬಿನಲ್ಲಿ ತರಬೇಡಿ. 10% ಸೀರಂ ಇರುವ ತಣ್ಣನೆಯ ಆರ್‌ಪಿಎಂಐ ಎಂಬ ಕೋಶಪೋಷಕ ದ್ರವದಲ್ಲಿ ಮುಳುಗಿರಲಿ, ಹೆಪ್ಪುಗಟ್ಟಬಾರದು. ಬಂದ ಕೂಡಲೇ 70 ಮೈಕ್ರಾನ್ ಜರಡಿಯಲ್ಲಿ ಹಗುರವಾಗಿ ಉಜ್ಜಿ, ಎಸಿಕೆ ಬಫರ್‌ನಲ್ಲಿ 2–3 ನಿಮಿಷ ಇಟ್ಟು ಕೆಂಪು ರಕ್ತಕಣ ತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಚುಕ್ಕೆ ಕೊಡುವ ಟಿ ಕೋಶಗಳೂ ಸಾಯುತ್ತವೆ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣದಲ್ಲಿ ಜೀವಂತ ಕೋಶ 90% ದಾಟದಿದ್ದರೆ ಆ ಮಾದರಿಯ ಎಣಿಕೆ ನಾನು ನಂಬುವುದಿಲ್ಲ.

ವೆಲ್‌ಗೆ 2.5 ಲಕ್ಷ ಕೋಶ, ಪ್ರತಿ ಪೆಪ್ಟೈಡ್ 1–2 ಮೈಕ್ರೋಗ್ರಾಂ/ಮಿಲಿ, ಡಿಎಂಎಸ್‌ಒ 0.5% ಒಳಗೆ, ಪಾಸಿಟಿವ್ ಕಂಟ್ರೋಲ್‌ಗೆ ಟಿ ಕೋಶಗಳನ್ನು ಹೇಗೂ ಕೆರಳಿಸುವ ಕಾನ್‌ಎ. ಒಂದೊಂದಕ್ಕೂ ಮೂರು ವೆಲ್. ನಂತರ 37 ಡಿಗ್ರಿಯಲ್ಲಿ 18–20 ಗಂಟೆ ಪ್ಲೇಟ್ ಅಲುಗಾಡಬಾರದು. ಅಲುಗಿದರೆ ಕೋಶ ಜಾರಿ, ದುಂಡಗಿನ ಚುಕ್ಕೆಯ ಬದಲು ಬಾಲ ಎಳೆದ ಗೀಟು ಕಾಣುತ್ತದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡುವವರೇ ಹೆಚ್ಚು, ದಯವಿಟ್ಟು ತೆಗೆಯಬೇಡಿ. ಇನ್‌ಕ್ಯುಬೇಟರಿಗೆ ಜನರೇಟರ್ ಲೈನ್ ಇಲ್ಲದಿದ್ದರೆ ಆ ತಿಂಗಳು ಇಲಿಗಳನ್ನು ಬಲಿ ಕೊಡುವ ದಿನ ಮುಂದೂಡಿ. ಆ ಜೀವಗಳು ವ್ಯರ್ಥವಾಗಬಾರದು.

ಇನ್ನೊಂದು ಮಾತು. ಸಲೈನ್ ಗುಂಪೊಂದೇ ಸಾಲದು. ಎಂಆರ್‌ಎನ್‌ಎಯನ್ನು ಹೊತ್ತ ಲಿಪಿಡ್ ನ್ಯಾನೊಕಣವೇ (ಸೂಕ್ಷ್ಮ ಕೊಬ್ಬಿನ ಕಣ) ಅಡ್ಜುವೆಂಟ್‌ನಂತೆ, ಅಂದರೆ ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವಂತೆ, ಕೆಲಸ ಮಾಡುತ್ತದೆ. ಅದೇ ಕಣದಲ್ಲಿ ಲಸಿಕೆಗೆ ಸಂಬಂಧವಿಲ್ಲದ ಲೂಸಿಫೆರೇಸ್ ಆರ್‌ಎನ್‌ಎ ತುಂಬಿದ ಗುಂಪೂ ಬೇಕು. ಅದರ ಮೇಲೆ ಎಷ್ಟು ಏರಿತು ಎಂಬುದೇ ನಿಮ್ಮ ಲಸಿಕೆಯ ಲೆಕ್ಕ.

ಟಿ ಕೋಶಗಳಲ್ಲಿ ಸಿಡಿ4 (ಸಹಾಯಕ) ಎಷ್ಟು, ಸಿಡಿ8 (ಕೊಲ್ಲುವ) ಎಷ್ಟು ಎಂದು ಎಲಿಸ್ಪಾಟ್ ಹೇಳುವುದಿಲ್ಲ. ಅದಕ್ಕೆ ಕೋಶಗಳನ್ನು ಒಂದೊಂದಾಗಿ ಲೇಸರ್‌ನಲ್ಲಿ ಅಳೆಯುವ ಫ್ಲೋ ಸೈಟೋಮೆಟ್ರಿ. ಪೆಪ್ಟೈಡ್ ಹಾಕಿದ ಒಂದು ಗಂಟೆಯ ನಂತರ, ಪ್ರೋಟೀನ್ ಕೋಶದಿಂದ ಹೊರಹೋಗದಂತೆ ತಡೆಯುವ ಬ್ರೆಫೆಲ್ಡಿನ್ ಎ, ಒಟ್ಟು ಆರು ಗಂಟೆ. ಸತ್ತ ಕೋಶ ಗುರುತಿಸುವ ಲೈವ್-ಡೆಡ್ ಬಣ್ಣ ಹಾಕದೆ ಬಿಡಬೇಡಿ.

ಎಣಿಸುವ ಮುನ್ನ ಪ್ಲೇಟ್ ಪೂರ್ತಿ ಒಣಗಿರಲಿ. ವೆಲ್ ತಳದ ಒದ್ದೆ ಪೊರೆ ಬೂದುಬಣ್ಣ ತೋರಿಸಿ ಸಣ್ಣ ಚುಕ್ಕೆಗಳನ್ನು ಮುಚ್ಚಿಬಿಡುತ್ತದೆ. ಮಡಿಕೇರಿಯ ಥಂಡಿಗೆ ಒಂದು ರಾತ್ರಿಯೂ ಸಾಲದು, ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ, ಸಿಲಿಕಾ ಜೆಲ್ ಜೊತೆ ಕತ್ತಲ ಡಬ್ಬದಲ್ಲಿಡಿ. ಬಿಸಿಗಾಳಿ ಬೇಡ, ಪೊರೆ ಬಿರಿಯುತ್ತದೆ.